ಮಾವನವರು ಮನೆಯಲ್ಲೇ ಬರೆದ ನೆನಪಿನ ಪರೀಕ್ಷೆ: 22ಕ್ಕೆ 15 ಬಂದಿದೆ, ಮುಂದೇನು?

ಸೋಮವಾರಪೇಟೆ ಸೊಸೆ:
ನಮ್ಮ ಮಾವನವರಿಗೆ 76. ಕಾಫಿ ಎಸ್ಟೇಟಿನಲ್ಲಿ ರೈಟರ್ (ಲೆಕ್ಕ ಬರೆಯೋರು) ಆಗಿ ರಿಟೈರ್ ಆದವರು; ಚೆಕ್‌ರೋಲು (ಆಳುಗಳ ಹಾಜರಿ), ಬಟವಾಡೆ (ಕೂಲಿ ಹಂಚೋದು) ಎಲ್ಲ ಬಾಯಲ್ಲೇ ಲೆಕ್ಕ. ಈ ಸಲ ಕುಯ್ಲಿನಲ್ಲಿ ನಮ್ಮ ತೋಟದ ಬಟವಾಡೆಗೆ ಕೂತವರು ಒಬ್ಬಳಿಗೇ ಎರಡು ಸಲ ದುಡ್ಡು ಕೊಟ್ಟರು. ಪುಣ್ಯಕ್ಕೆ ಅವಳೇ ವಾಪಸ್ ತಂದುಕೊಟ್ಟಳು. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳೋದೂ ಜಾಸ್ತಿಯಾಗಿದೆ.

ಅಮೆರಿಕದ ನಾದಿನಿ ಸೇಜ್ ಅನ್ನೋ ಪರೀಕ್ಷೆಯ ಹಾಳೆ ಕಳಿಸಿದ್ದಳು. ಓಹಾಯೋ ಸ್ಟೇಟ್ ಯೂನಿವರ್ಸಿಟಿಯವರದು. ಯಾರ ಸಹಾಯವೂ ಇಲ್ಲದೆ, ಗಡಿಯಾರ ಕ್ಯಾಲೆಂಡರ್ ನೋಡದೆ ತಾವೇ ಬರೆಯಬೇಕು. "ಈ ವಯಸ್ಸಲ್ಲಿ ಎಸ್ಸೆಸ್ಸೆಲ್ಸಿ ಮತ್ತೆ ಕಟ್ಟಿಸ್ತೀರಾ?" ಅಂತ ಗೊಣಗಿಕೊಂಡೇ ಬರೆದರು. ಅಕ್ಷರ ಈಗಲೂ ಮುತ್ತಿನ ಹಾಗಿದೆ. ಆದರೆ ಗಡಿಯಾರ ಬರೆಯೋ ಕಡೆ 12ರಿಂದ 8ರವರೆಗಿನ ಅಂಕಿ ಬಲಗಡೆಯೇ ತುಂಬಿಹೋಗಿ, ಉಳಿದವಕ್ಕೆ ಜಾಗ ಸಾಲದೆ ಒಂದರ ಮೇಲೊಂದು ಹತ್ತಿವೆ. ಕಾಯಿಲೆ ಶುರುವಾಗಿದೆ ಅಂತಲೇ ತಿಳಿಯಬೇಕಾ?

ಗೋಣಿಕೊಪ್ಪ ಬೆಳೆಗಾರ:
ವಯಸ್ಸಾದಮೇಲೆ ಮರೆವು ಇದ್ದದ್ದೇ. ಹಾಳೆ ಕೊಟ್ಟು ಹಿರಿಯರನ್ನ ಹೆದರಿಸಬೇಡಿ.

ರಿಟೈರ್ಡ್ ಸಿಸ್ಟರ್, ಮಡಿಕೇರಿ:
ಬೆಳೆಗಾರರೇ, ಕನ್ನಡಕ ಎಲ್ಲಿಟ್ಟೆ ಅಂತ ಹುಡುಕೋದು ಬೇರೆ. ಜೀವನವಿಡೀ ಮಾಡಿದ ಕೆಲಸದಲ್ಲೇ ತಡವರಿಸೋದು ಬೇರೆ. ನನಗೆ ಆ 15ಕ್ಕಿಂತ ಬಟವಾಡೆ ವಿಷಯವೇ ಹೆಚ್ಚು ಮುಖ್ಯ ಅನ್ನಿಸ್ತು.

ತಂಗಿ, ಈ ಹಾಳೆ ಕಾಯಿಲೆ ಇದೆ ಅಂತಲೂ ಹೇಳಲ್ಲ, ಇಲ್ಲ ಅಂತಲೂ ಹೇಳಲ್ಲ. 17 ಮತ್ತು ಮೇಲೆ ಬಂದರೆ ಸಾಮಾನ್ಯ. 15, 16 ಬಂದರೆ ಸಣ್ಣ ಮಟ್ಟದ ತೊಂದರೆ ಇರಬಹುದು, ತೋರಿಸಿ ಅಂತ. ಓದು 12 ವರ್ಷ ಅಥವಾ ಕಡಿಮೆ ಆದ್ರೆ ಒಂದು ಅಂಕ ಸೇರಿಸಬೇಕು, 80 ತುಂಬಿದವರಿಗೆ ಇನ್ನೊಂದು. ಮಾವ ಎಸ್ಸೆಸ್ಸೆಲ್ಸಿ ಆಗಿದ್ರೆ 16 ಆಯ್ತು. ಲೆಕ್ಕದಲ್ಲಿ ನಿಕಲ್, ಸೆಂಟು ಅಂತ ಇತ್ತಾ? ಐದು ಸೆಂಟಿನ ನಾಣ್ಯಕ್ಕೆ ನಿಕಲ್ ಅಂತಾರೆ ಅಂತ ನಮ್ಮ ಸೋಮವಾರಪೇಟೆಯಲ್ಲಿ ಎಷ್ಟು ಜನಕ್ಕೆ ಗೊತ್ತು! ಹಾಗಂತ ನೀವೇ ಅಂಕ ದಾನ ಮಾಡಬೇಡಿ, ಹಾಳೆ ಇದ್ದ ಹಾಗೇ ಡಾಕ್ಟರ ಕೈಗೆ ಕೊಡಿ. ಕೊನೆಯಲ್ಲಿ "ಮುಗಿಸಿದೆ" ಅಂತ ಬರೆಯೋಕೆ ಮೊದಲೇ ಹೇಳಿರ್ತಾರಲ್ಲ, ಅದನ್ನ ಬರೆದ್ರಾ? ನೆನಪಿನ ಪ್ರಶ್ನೆ ಅದೇ.

ಬಿ12, ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ. ಕಿವಿ ಮಂದವಾ ನೋಡಿ. ನಿದ್ದೆ ಮಾತ್ರೆ, ನೆಗಡಿ-ತುರಿಕೆಯ ಮಾತ್ರೆ ನುಂಗ್ತಿದ್ರೆ ಅದನ್ನೂ ಹೇಳಿ, ಕೆಲವು ತಲೆ ಮಂಕು ಮಾಡ್ತವೆ. ಮನಸ್ಸು ಕುಗ್ಗಿದ್ರೂ ಮರೆವಿನ ಹಾಗೇ ಕಾಣುತ್ತೆ. ಇವೆಲ್ಲ ಸರಿಮಾಡಬಹುದಾದ ಕಾರಣಗಳು.

ಸೋಮವಾರಪೇಟೆ ಸೊಸೆ:
ಅಯ್ಯೋ, ಆ "ಮುಗಿಸಿದೆ" ಬರೆದೇ ಇಲ್ಲ. ನಿಕಲ್ ಪ್ರಶ್ನೆ ಖಾಲಿ ಬಿಟ್ಟಿದ್ದಾರೆ, ಅತ್ತೆ ಹೋದಮೇಲೆ ಮಾತೂ ಕಡಿಮೆ. ಸಿಸ್ಟರ್, ಮನೇಲಿ ನಮ್ಮದು ಅರೆಭಾಷೆ, ಕೊಡಗಿನ ಕಡೆಯ ಕನ್ನಡ. ಇಂಗ್ಲಿಷ್ ಹಾಳೆಯಿಂದಲೂ ಅಂಕ ಕಡಿಮೆ ಆಗಿರಬಹುದಾ?

ರಿಟೈರ್ಡ್ ಸಿಸ್ಟರ್, ಮಡಿಕೇರಿ:
ಖಂಡಿತ. ಐಸಿಎಂಆರ್‌ನವರು, ಅಂದ್ರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು, ಇದಕ್ಕೇ ಅಂತ ಕನ್ನಡವೂ ಸೇರಿ ಐದು ಭಾಷೆಗಳಲ್ಲಿ ಪರೀಕ್ಷೆ ತಯಾರಿಸಿದ್ದಾರೆ. 30 ಅಂಕದ ಮೋಕಾ ಪರೀಕ್ಷೆಯೂ ಕನ್ನಡದಲ್ಲಿದೆ. ಅವನ್ನ ತರಬೇತಿ ಇದ್ದವರು ಎದುರು ಕೂತು ಮಾಡಬೇಕು, ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಮಾಡ್ತಾರೆ. ಈಗ ಬರೆದ ಹಾಳೆ ಬಿಸಾಡಬೇಡಿ. ಸೇಜ್‌ನಲ್ಲಿ ನಾಲ್ಕು ಬೇರೆ ಬೇರೆ ಹಾಳೆ ಇವೆ, ಮುಂದೆ ಇನ್ನೊಂದು ಬರೆಸಿದಾಗ ಹೋಲಿಸಿ ನೋಡೋಕೆ ಇದು ಬೇಕು.

ಸೋಮವಾರಪೇಟೆ ಸೊಸೆ:
ಡಾಕ್ಟರ ಹತ್ರ ಅಂದ್ರೆ ಮಾವ ಏಳೋದೇ ಇಲ್ಲ. ಶುಕ್ರವಾರ ಮಡಿಕೇರಿ ಸಂತೆಗೆ ಅಂತ ಹೊರಡಿಸಲಾ?

ರಿಟೈರ್ಡ್ ಸಿಸ್ಟರ್, ಮಡಿಕೇರಿ:
ಬೇಡ. ಆಸ್ಪತ್ರೆ ಬಾಗಿಲಲ್ಲಿ ಗೊತ್ತಾದ್ರೆ ಮತ್ತೆ ನಿಮ್ಮ ಮಾತು ನಂಬಲ್ಲ. ಬಿಪಿ ನೋಡಿಸಿ ರಕ್ತ ಕೊಟ್ಟು ಬರೋಣ, ಮರೆವಿನ ವಿಷಯವೂ ಒಂದು ಮಾತು ಕೇಳೋಣ ಅನ್ನಿ. ಬಟವಾಡೆ ಪುಸ್ತಕ ಜೊತೆಗಿಟ್ಕೊಳ್ಳಿ. ಹೋದ ವರ್ಷದ್ದು, ಈ ವರ್ಷದ್ದು ಎರಡೂ.