ಜಾಂಬಿ ಸಿನಿಮಾ, ಗೇಮಿನಿಂದ ಬಂದ ಸಿನಿಮಾ: ಹಾಸ್ಟೆಲ್ ಪರದೆಗೆ ಯಾವುದು ಹಾಕಲಿ?

ಸೇಡಂ ರೋಡ್ ಹುಡುಗ (ಕಲಬುರಗಿ) ಕೇಳ್ಯಾನ:

ಶರಣು ಎಲ್ಲಾರಿಗೂ. ನಾನು ಇಲ್ಲೇ ಕಲಬುರಗಿಯಾಗ ಇಂಜಿನಿಯರಿಂಗ್ ಓದ್ಲಾಕತ್ತೀನಿ. ಹಾಸ್ಟೆಲ್ ಊಟದ ಹಾಲ್‌ನ್ಯಾಗ ಪ್ರೊಜೆಕ್ಟರ್ ಹಚ್ಚಿ ಶನಿವಾರ ರಾತ್ರಿ ಸಿನಿಮಾ ತೋರಸ್ತೀವಿ. ಈ ಬ್ಯಾಸಗಿ ಝಳಕ್ಕ ರೂಮಿನ್ಯಾಗ ಹ್ಯಾಂಗೂ ನಿದ್ದಿ ಹತ್ತಲ್ಲ, ಹಿಂಗಾಗಿ ಮಂದಿ ಭಾಳ ಕೂಡ್ತಾರ. ಈ ಸಲ ಹೆಣ ಎದ್ದು ಬರೋ ಜಾಂಬಿ ಸಿನಿಮಾನೇ ಬೇಕು ಅಂತ ಎಲ್ಲಾರೂ ಹಟ ಹಿಡದಾರ. ಗೇಮ್ ಆಡೋ ಹುಡುಗೂರು ‘ರೆಸಿಡೆಂಟ್ ಈವಿಲ್’ ಹಾಕು ಅಂತಾರ. ನನ್ನ ರೂಮ್‌ಮೇಟ್ ಮಾತ್ರ, ಗೇಮಿನಿಂದ ಮಾಡಿದ ಸಿನಿಮಾ ಒಂದೂ ನೆಟ್ಟಗಿಲ್ಲ, ಅದು ಹಾಕಿದ್ರ ಎದ್ದು ಹೋಗ್ತೀನಿ ಅಂತ ಜಗಳಕ್ಕ ನಿಂತಾನ.

ಮೂರು ಶನಿವಾರ ನಮ್ಮ ಕೈಯಾಗ ಅವ. ಏನು ಹಾಕಲಿ? ಇನ್ನೊಂದು ಮಾತು: ಗೇಮ್ ಆಡುವಾಗ ಎದಿ ಹಿಡ್ಕೊಂಡಂಗ ಆಗೋ ಅಂಜಿಕಿ, ಅದೇ ಕಥಿ ಸಿನಿಮಾ ಆದಾಗ ಎಲ್ಲಿ ಹೋಗ್ತದ?

ಶಹಾಬಾದ್ ಕಲ್ಲು (ಕಲಬುರಗಿ):

ತಮ್ಮಾ, ನೀನು ಕಡೀಕ ಕೇಳಿದ್ದಕ್ಕ ಮೊದಲು ಹೇಳ್ತೀನಿ. ಅದರ ಮ್ಯಾಲ ನಾನು ಭಾಳ ವರ್ಷದಿಂದ ತಲಿ ಕೆಡಿಸ್ಕೊಂಡಾವ.

ಸೂಪರ್ ಮಾರ್ಕೆಟ್ ಕಡೆ ಒಂದು ಗೇಮ್ ಪಾರ್ಲರ್ ಇತ್ತು. ತಾಸಿಗಿಷ್ಟು ಅಂತ ರೊಕ್ಕ ಕೊಟ್ಟು ಪ್ಲೇಸ್ಟೇಷನ್ ಆಡೋದು. ಒಬ್ಬ ಆಡ್ತಿದ್ದ, ಏಳೆಂಟು ಮಂದಿ ಹಿಂದ ನಿಂತು ನೋಡ್ತಿದ್ರು. 1996ರಾಗ ಕ್ಯಾಪ್‌ಕಾಮ್ ಕಂಪನಿ ತಂದ ಮೊದಲ ರೆಸಿಡೆಂಟ್ ಈವಿಲ್ ನಾನು ಆಡಿದ್ದು ಅಲ್ಲೇ. ಆ ಗೇಮಿನ್ಯಾಗ ಎಲ್ಲಾದಕ್ಕೂ ಕೊರತಿ. ಜಿಲ್, ಕ್ರಿಸ್ ಇಬ್ಬರಾಗ ಒಬ್ಬರನ್ನ ಆರಿಸ್ಕೊಂಡು ಆಡೋದು: ಜಿಲ್‌ಗೆ ಸಾಮಾನು ಇಟ್ಕೊಳ್ಳಾಕ 8 ಖಾನೆ, ಕ್ರಿಸ್‌ಗೆ 6 ಅಷ್ಟ. ಕೀಲಿಕೈ ಇಟ್ಕೊಂಡ್ರ ಔಷಧದ ಗಿಡಕ್ಕ ಜಾಗ ಇಲ್ಲ, ಗಿಡ ಇಟ್ಕೊಂಡ್ರ ಗುಂಡಿಗೆ ಜಾಗ ಇಲ್ಲ. ಸೇವ್ ಮಾಡಬೇಕಂದ್ರ ಟೈಪ್‌ರೈಟರ್ ಹುಡುಕಬೇಕು, ಅದಕ್ಕ ರಿಬ್ಬನ್ ಬೇಕು, ಆ ರಿಬ್ಬನ್ನೂ ಎಣಿಸಿದಷ್ಟೇ. ಕ್ಯಾಮೆರಾ ಅಂತೂ ಕೋಣಿ ಮೂಲ್ಯಾಗ ಕುಂತಿದ್ದು ಹಂದಾಡಲ್ಲ. ತಿರುವಿನ ಆಚೆ ಕಾಲೆಳೆಯೋ ಸಪ್ಪಳ ಕೇಳ್ತದ, ಯಾವುದಂತ ಕಾಣಲ್ಲ. ಬಾಗಲಕ್ಕ ಕೈ ಹಚ್ಚಿದ್ರ ಪರದೆ ಕರ್ರಗಾಗಿ ಬಾಗಲಾ ಒಂದೇ ಸಾವಕಾಶ ತೆರಕೋತಿತ್ತು. ಮುಂದಿನ ಕೋಣಿ ಡಿಸ್ಕಿನಿಂದ ಲೋಡ್ ಆಗೋ ಹೊತ್ತು ಗೊತ್ತಾಗಬಾರದು ಅಂತ ಮಾಡಿದ ಉಪಾಯ ಅದು. ಆದ್ರ ಆ ಹೊತ್ತಿನ್ಯಾಗ ಪಾರ್ಲರ್ ಪೂರಾ ಗಪ್ಪಾಗಿ, ಹೊರಗಿನ ಆಟೋ ಹಾರ್ನ್ ಅಷ್ಟೇ ಕೇಳ್ತಿತ್ತು.

ಜಾಂಬಿ ಎದುರಿಗೆ ಬಂತು. ಹೊಡಿಬೇಕೋ, ಬಾಜೂಕಿಂದ ನುಸುಳಿ ಹೋಗಬೇಕೋ? ಅಂಜಿಕಿ ಇರೋದು ಅಲ್ಲಿ. ಅದರ ಕೊಳತ ಮಾರಿ ನೋಡಿ ಯಾರೂ ಅಂಜಲ್ಲ. ನಾಕೇ ಗುಂಡು ಉಳದಾವ, ಮುಂದಿನ ಕೋಣ್ಯಾಗ ಏನದ ಗೊತ್ತಿಲ್ಲ, ಅದಕ್ಕ ಅಂಜತೀವಿ. ಜಾಂಬಿ ಕಥಿ ಅಂದ್ರ ಲೆಕ್ಕದ ಕಥಿ ಅಂತ ನಾನು ತಿಳ್ಕೊಂಡೀನಿ. ಗುಂಡು ಎಷ್ಟು, ನೀರು ಎಷ್ಟು, ಬಾಗಲಾ ಎಷ್ಟು, ಒಳಗ ಎಷ್ಟು ಮಂದಿ ಹಿಡೀತಾರ, ಯಾರನ್ನ ಹೊರಗ ಬಿಡೋದು.

ಈಗ 2002ರ ಸಿನಿಮಾಕ್ಕ ಬಾ. ಪಾಲ್ ಡಬ್ಲ್ಯೂ. ಎಸ್. ಆಂಡರ್ಸನ್ ಮಾಡಿದ್ದು, ಮಿಲಾ ಜೋವೋವಿಚ್ ನಾಯಕಿ. ಆಕಿ ಮಾಡಿದ ಆಲಿಸ್ ಅನ್ನೋ ಪಾತ್ರ ಗೇಮಿನ್ಯಾಗ ಇಲ್ಲೇ ಇಲ್ಲ ಅಂತ ಹುಡುಗೂರು ಆವಾಗ ಭಾಳ ಒದರಾಡಿದ್ರು. ನನಗ ಅದರ ತಕರಾರಿಲ್ಲ, ಹೊಸ ಪಾತ್ರ ಹಾಕ್ಲಿ. ಲೆಕ್ಕ ಬಿಟ್ರು ನೋಡು, ಅಲ್ಲಿ ಕೆಟ್ಟಿತು. ಭಾಗ ಮುಂದ ಹೋದಂಗೆಲ್ಲ ಆಲಿಸ್ ಎರಡೂ ಕೈಯಾಗ ಬಂದೂಕು ಹಿಡದು ಹಾರ್ತಾಳ, ಗುಂಡು ತೀರೋದೇ ಇಲ್ಲ. ಗುಂಡು ತೀರಲಿಲ್ಲಂದ್ರ ಎದುರಿನ ಜಾಂಬಿ ಬರೇ ಗುರಿ ಹಲಗಿ. 2016ರ ತನಕ ಆರು ಸಿನಿಮಾ ಬಂದು ಎಲ್ಲಾ ಕೂಡಿ 100 ಕೋಟಿ ಡಾಲರ್ ಮ್ಯಾಲ ಗಳಿಸಿದ್ವು. ಗಳಿಕಿ ಬ್ಯಾರೆ, ಅಂಜಿಕಿ ಬ್ಯಾರೆ. 2003ರಾಗ ಊವೆ ಬೊಲ್ ಮಾಡಿದ ‘ಹೌಸ್ ಆಫ್ ದಿ ಡೆಡ್’ ಅಂತೂ ಹೊಡೆದಾಟದ ನಡುವ ಸೇಗಾ ಕಂಪನಿಯ ಮೂಲ ಗೇಮಿನ ತುಣುಕೇ ತಂದು ಅಂಟಿಸ್ತು. ಅದನ್ನ ಪರದೆ ಹತ್ರ ತರಬ್ಯಾಡ.

ನನ್ನ ಹೊಟ್ಟಿ ಉರಿಯೋದು ಇನ್ನೊಂದಕ್ಕ. ರೆಸಿಡೆಂಟ್ ಈವಿಲ್‌ಗೆ ಜಾಂಬಿ ಸಿನಿಮಾಗಳ ನಿರ್ದೇಶಕ ಜಾರ್ಜ್ ರೊಮೆರೊ ಒಂದು ಚಿತ್ರಕಥಿ ಬರದಿದ್ದ. ಗೇಮಿನ ಎರಡನೇ ಭಾಗಕ್ಕ ಜಪಾನಿನ ಟಿವಿ ಜಾಹೀರಾತು ತಗದಾವನೂ ಅವನೇ. ಈ ಲೆಕ್ಕ ಜಗತ್ತಿಗೆ ಕಲಿಸಿದ ಮನಷ್ಯಾನ ಬರವಣಿಗಿ ಕೈಯಾಗಿದ್ದೂ ಬ್ಯಾಡ ಅಂತ ಬದಿಗಿಟ್ರು. ಆ ಸಿನಿಮಾ ಬಂದಿದ್ರ ನಿನ್ನ ರೂಮ್‌ಮೇಟ್ ಈ ಜಗಳ ತಗೀತಿದ್ದಿಲ್ಲ.

ಹಿಂಗಾಗಿ ಮೊದಲ ಶನಿವಾರ ರೊಮೆರೊನ 1968ರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಹಾಕು. ಕಪ್ಪು ಬಿಳುಪು ಅಂತ ಹುಡುಗೂರು ಮಾರಿ ತಿರುವಿದ್ರೂ ಬಿಡಬ್ಯಾಡ. ಅಮೆರಿಕಾದ ಪಿಟ್ಸ್‌ಬರ್ಗ್ ಕಡಿ, ಸುಮಾರು 1 ಲಕ್ಷ 14 ಸಾವಿರ ಡಾಲರ್‌ನ್ಯಾಗ ತಗದದ್ದು. ಒಂದು ಮನಿ, ಒಳಗ ಏಳು ಮಂದಿ, ಒಂದು ಬಂದೂಕು. ಕೆಳಗ ನೆಲಮಾಳಿಗಿಗೆ ಇಳದು ಕೀಲಿ ಹಾಕ್ಕೋಬೇಕೋ, ಮ್ಯಾಲಿದ್ದು ಕಿಟಕಿಗೆ ಹಲಗಿ ಬಡೀಬೇಕೋ ಅಂತ ಬೆನ್, ಕೂಪರ್ ಇಬ್ಬರೂ ಹರಕೊಂಡು ತಿನ್ನೋ ಹಂಗ ಜಗಳ ಆಡ್ತಾರ. ಹೊರಗಿನ ಹೆಣಕ್ಕಿಂತ ಈ ಜಗಳ ಭಯಂಕರ ಅದ. ಬೆನ್ ಪಾತ್ರ ಮಾಡಿದ ಡ್ವೇನ್ ಜೋನ್ಸ್ ಮಾರಿ ಮ್ಯಾಲಿಂದ ಕಣ್ಣು ತಗೀಬ್ಯಾಡ. ಕಡೀ ಹತ್ತು ನಿಮಿಷ ಯಾರಿಗೂ ಮೊದಲೇ ಹೇಳಬ್ಯಾಡ. ಬಿಡುಗಡಿ ಹೊತ್ತಿಗೆ ಹೆಸರು ಬದಲ್ ಮಾಡುವಾಗ ಹಂಚಿಕೆದಾರರು ಕಾಪಿರೈಟ್ ಸಾಲು ಹಾಕೋದು ಬಿಟ್ರು, ಅದರಿಂದ ಅಮೆರಿಕಾದಾಗ ಈ ಸಿನಿಮಾ ಎಲ್ಲಾರ ಆಸ್ತಿ ಆಗ್ಯದ.

ಎರಡನೇದು ‘ಟ್ರೇನ್ ಟು ಬುಸಾನ್’, 2016, ಯೋನ್ ಸಾಂಗ್-ಹೋ ಮಾಡಿದ ಕೊರಿಯಾ ಸಿನಿಮಾ. ಗೇಮಿನಿಂದ ಬಂದದ್ದಲ್ಲ, ಆದ್ರ ಗೇಮಿನ ಬುದ್ಧಿ ಪೂರಾ ಅದರಾಗ ಅದ. ಜಾಂಬಿಗಳು ಓಡ್ತಾವ, ಖರೇ. ಆದ್ರ ಡಬ್ಬಿ ನಡುವಿನ ಬಾಗಲಾ ಸರಿಸ್ಲಾಕ ಬರಲ್ಲ, ಸುರಂಗದ ಕತ್ತಲ್ಯಾಗ ಕಣ್ಣು ಕಾಣಲ್ಲ. ಗಾಜಿಗೆ ನೀರು ಹಚ್ಚಿ ಪೇಪರ್ ಅಂಟಿಸಿದ್ರ ಸುಮ್ನಾಗ್ತಾವ. ಇಷ್ಟ ನಿಯಮ ಹಿಡ್ಕೊಂಡು ಒಂದೊಂದೇ ಡಬ್ಬಿ ದಾಟೋದು. ಉದ್ಯಾನ ಎಕ್ಸ್‌ಪ್ರೆಸ್ ಜನರಲ್ ಡಬ್ಬ್ಯಾಗ ಬಾಗಲಾ ಒತ್ತಿ ಹಿಡದು ‘ಒಳಗ ಜಾಗ ಇಲ್ಲ’ ಅನ್ನೋ ಮಂದಿ ನೋಡಿದಾವರಿಗೆ ಇದು ಪರದೇಶದ ಸಿನಿಮಾ ಅನಸಲ್ಲ.

ಮೂರನೇದು ಬ್ಯಾರೆಯವರು ಹೇಳ್ಲಿ.

ಬಿದರಿ ಹೂಜಿ (ಬೀದರ್):

ಅಣ್ಣಾರ, ಲೆಕ್ಕದ ಮಾತು ಛಲೋ ಹೇಳೀರಿ, ಆದ್ರ 2002ರ ಸಿನಿಮಾಕ್ಕ ನ್ಯಾಯ ಮಾಡಿಲ್ಲ. ಗೇಮಿನ್ಯಾಗ ಗುಂಡಿನ ಲೆಕ್ಕ ಅಂಜಿಸೋದು ಕಂಟ್ರೋಲರ್ ನಮ್ಮ ಕೈಯಾಗ ಇರ್ತದಂತ. ಹಾಲ್‌ನ್ಯಾಗ ಕುಂತಾಗ ಕೈ ಖಾಲಿ ಇರ್ತದ. ನಾಯಕಿ ಕಡಿ ನಾಕು ಗುಂಡು ಅವ ಅಂದ್ರ ಅದು ಆಕಿ ಚಿಂತಿ, ನನ್ನದಲ್ಲ. ಅದಕ್ಕ ಸಿನಿಮಾ ತನ್ನದೇ ಹಾದಿ ಹುಡುಕಬೇಕು. ಲೇಸರ್ ಕಾರಿಡಾರ್ ದೃಶ್ಯ ನೆನಸ್ರಿ. ನಾಲ್ಕೂ ಕಡಿ ಬಿಳಿ ಗ್ವಾಡಿ, ಬಾಗಲಾ ಬಂದ್, ಮಂದೀನ ಕತ್ತರಿಸೋ ಬೆಳಕಿನ ಗೆರಿ ಒಂದೊಂದ ಬರ್ತದ. ಮೊದಲ ಗೇಮಿನ್ಯಾಗ ಅಂಥಾದ್ದು ಇದ್ದಿಲ್ಲ. ಆಮ್ಯಾಲ 2005ರ ರೆಸಿಡೆಂಟ್ ಈವಿಲ್ 4 ಗೇಮಿನ್ಯಾಗ ಲೇಸರ್ ಕಾರಿಡಾರ್ ಬಂತು. ಗೇಮೇ ಸಿನಿಮಾದಿಂದ ಕಡ ತಗೊಂಡಂಗ ಆಯ್ತಲ್ರಿ. ಮೊದಲ ಭಾಗ ಒಂದು ಹಾಕ್ಲಿ ಅಂತೀನಿ, ಉಳದ ಐದು ಬ್ಯಾಡ.

ಮೂರನೇ ಶನಿವಾರಕ್ಕ ನನ್ನ ಮಾತು ‘ದಿ ಲಾಸ್ಟ್ ಆಫ್ ಅಸ್’. ಸಿನಿಮಾ ಅಲ್ಲ, ಎಚ್‌ಬಿಒ ಚಾನೆಲ್‌ನ ಸರಣಿ, 2023. ಗೇಮು 2013ರದು. ಗೇಮ್ ಬರದ ನೀಲ್ ಡ್ರಕ್‌ಮನ್ ಅವರೇ ಕ್ರೇಗ್ ಮೇಜಿನ್ ಜೊತಿ ಸರಣಿ ಮಾಡ್ಯಾರ. ಗೇಮಿನ್ಯಾಗ ಮಂದೀನ ಜಾಂಬಿಯಂಗ ಮಾಡೋ ಶಿಲೀಂಧ್ರದ ಬೀಜಕಣ ಗಾಳ್ಯಾಗ ತೇಲ್ತಾವ, ಮಾಸ್ಕ್ ಹಾಕ್ಕೋಬೇಕು. ಸರಣಿಯ ಮೊದಲ ಸೀಸನ್‌ನ್ಯಾಗ ಅದು ತಗದು, ನೆಲದ ಕೆಳಗ ಹಬ್ಬಿದ ಎಳಿ ತಂದ್ರು. ಮೂರನೇ ಕಂತು ಬಿಲ್, ಫ್ರಾಂಕ್ ಇಬ್ಬರ ಕಥಿ. ಗೇಮಿನ್ಯಾಗ ಫ್ರಾಂಕ್ ಹೆಣವಾಗೇ ಸಿಗ್ತಾನ, ಬಿಲ್ ಮ್ಯಾಲ ದ್ವೇಷದ ಚೀಟಿ ಬರದಿಟ್ಟು. ಸರಣ್ಯಾಗ ಇಬ್ಬರೂ ವರ್ಷಗಟ್ಲೆ ಕೂಡಿ ಬಾಳ್ತಾರ, ಸ್ಟ್ರಾಬೆರಿ ಬೆಳೀತಾರ. ಪೂರಾ ತಿರುವಿ ಬರದದ್ದು ಅದು. ನಾನು ನೋಡಿ ಮುಗಿಸಿ ಅವತ್ತು ಮತ್ತೇನೂ ಹಚ್ಚಲಿಲ್ಲ. ಮೂಲಕ್ಕ ಅಂಟಿಕೊಂಡಿದ್ರ ಇದು ಹುಟ್ಟತಿದ್ದಿಲ್ಲ.

ಮತ್ತೊಂದು. ರೊಮೆರೊಗಿಂತ ಮೊದಲಿನ ಜಾಂಬಿ ಯಾರೂ ಮರೀಬ್ಯಾಡ್ರಿ. 1932ರ ‘ವೈಟ್ ಜಾಂಬಿ’, ಬೇಲಾ ಲುಗೋಸಿ ನಟಿಸಿದ್ದು, ಕೆರಿಬಿಯನ್ ದೇಶ ಹೈಟಿಯಾಗ ನಡಿಯೋ ಕಥಿ. ಕಬ್ಬಿನ ಗಿರಣಿ ತಿರುವವರು ಜಾಂಬಿಗಳು. ಒಬ್ಬ ಆಯ ತಪ್ಪಿ ಯಂತ್ರದೊಳಗ ಬೀಳ್ತಾನ, ಉಳದವರು ತಿರುವೋದು ನಿಲ್ಲಸಲ್ಲ. ಹೈಟಿ ಆವಾಗ ಅಮೆರಿಕಾ ಸೈನ್ಯದ ಕೈಯಾಗಿತ್ತು, 1915ರಿಂದ 1934ರ ತನಕ. ಅಲ್ಲಿ ಜಾಂಬಿ ಯಾರನ್ನೂ ಕಚ್ಚಲ್ಲ, ದುಡೀತದ ಅಷ್ಟ. ಸತ್ತ ಮ್ಯಾಲೂ ದುಡಿಮಿ ಬಿಡಲ್ಲ ಅನ್ನೋ ಅಂಜಿಕಿ ಗುಲಾಮರ ಮಕ್ಕಳ ಅಂಜಿಕಿ. ಬೀದರ್ ಸೀಮ್ಯಾಗ ಕಬ್ಬಿನ ಹೊಲ ನೋಡ್ಕೋತ ಬೆಳೆದಾಕಿ ನಾನು, ಆ ಗಿರಣಿ ಕಿರಗುಟ್ಟೋ ಸಪ್ಪಳ ನನಗ ಎಲ್ಲಾ ಗುಂಡಿನ ಸಿನಿಮಾಕ್ಕಿಂತ ಹೆಚ್ಚು ತಟ್ಟಿತು.

ಭೀಮಾ ದಂಡಿ (ಯಾದಗಿರಿ):

ನಮ್ಮ ದೇಶದ್ದೂ ಒಂದು ಇರ್ಲಿ. 2021ರ ತೆಲುಗು ‘ಜಾಂಬಿ ರೆಡ್ಡಿ’, ಪ್ರಶಾಂತ್ ವರ್ಮಾ ಮಾಡಿದ್ದು. ನಾಯಕ ಗೇಮ್ ಮಾಡಾವ, ಗೇಮಿನ್ಯಾಗ ದೋಷ ಬಂದು ಅದನ್ನ ಸರಿ ಮಾಡೋ ಗೆಳೆಯನ ಹುಡುಕ್ಕೊಂಡು ಕರ್ನೂಲ್ ಕಡಿ ಮದವಿಗೆ ಹೋಗ್ತಾನ. ನಿಮ್ಮ ಎರಡೂ ವಿಷಯ ಒಂದರಾಗೇ ಅವ. ರಾಯಲಸೀಮಾ ಫ್ಯಾಕ್ಷನ್ ಜಗಳದ ನಡುವ ಜಾಂಬಿ ಬಿಟ್ಟಾರ. ಈ ಕಡಿ ಹುಡುಗೂರಿಗೆ ತೆಲುಗು ಸಬ್‌ಟೈಟಲ್ ಇಲ್ಲದೇ ತಿಳೀತದ. ತಮಿಳಿನ ‘ಮಿರುತನ್’ 2016ರಾಗ ಬಂತು, ಹಿಂದಿಯ ‘ಗೋ ಗೋವಾ ಗಾನ್’ 2013ರಾಗ. ಮೂರರಾಗ ನನ್ನ ಓಟು ಜಾಂಬಿ ರೆಡ್ಡಿಗೆ.

ಶಹಾಬಾದ್ ಕಲ್ಲು:

ಬೀದರ್ ಅಕ್ಕಾರ, ಲೇಸರ್ ಕಾರಿಡಾರ್ ಒಪ್ಪಿದೆ, ಅದು ಗಟ್ಟಿ ದೃಶ್ಯ. ಆದ್ರ ಅದು ಯಾಕ ಹಿಡೀತದ ನೋಡ್ರಿ. ಎಷ್ಟು ಮಂದಿ ಒಳಗ ಅದಾರ, ಎಷ್ಟು ಮಂದಿ ಉಳದಾರ ಅಂತ ನಮ್ಮ ಕಣ್ಣು ಎಣಿಸ್ತಿರ್ತದ. ಬಿಲ್ ಕಥಿನೂ ಹಂಗೇ. ಅವನ ನೆಲಮಾಳಿಗ್ಯಾಗ ಊಟ, ಬಂದೂಕು, ಕರೆಂಟು ಎಲ್ಲಾ ಅದ. ಮಂದಿ ಒಬ್ಬರೂ ಇಲ್ಲ. ಅವನಿಗೆ ಯಾವುದರ ಕೊರತಿ ಅಂತ ಬರದಾವರು ಹುಡುಕಿ ಹಿಡದಾರ, ಅದಕ್ಕೇ ಗೇಮ್ ತಿರುವಿ ಬರದ್ರೂ ಗೇಮಿನ ಜೀವ ಉಳದದ. ನಾನು ಕೇಳೋದು ಅಷ್ಟ: ಕಥಿ ಬದಲ್ ಮಾಡ್ರಿ, ಪಾತ್ರ ಬದಲ್ ಮಾಡ್ರಿ, ಕೊರತಿ ಮಾತ್ರ ತುಂಬಿಸಬ್ಯಾಡ್ರಿ.

‘ವೈಟ್ ಜಾಂಬಿ’ ಬಗ್ಗೆ ನಾನು ಏನೂ ವಾದ ಮಾಡಲ್ಲ. ಇಲ್ಲಿ ದಾಲ್ ಮಿಲ್‌ನ್ಯಾಗ ಚೀಲ ಹೊರೋ ಮಂದಿ ನೋಡಿದಾವ ನಾನು, ನೀವು ಹೇಳಿದ್ದು ಒಳಗ ಇಳೀತು.

ಸೇಡಂ ರೋಡ್ ಹುಡುಗ:

ಅಣ್ಣಾ, ಅಕ್ಕಾ, ಎಲ್ಲಾರಿಗೂ ಶರಣು. ಮೊದಲ ಶನಿವಾರ 1968ರದು, ಎರಡನೇದು ಬುಸಾನ್, ಮೂರನೇ ವಾರ ಜಾಂಬಿ ರೆಡ್ಡಿ. ಬಿಲ್, ಫ್ರಾಂಕ್ ಕಂತು ನಾನು ಮೊದಲು ಒಬ್ಬನೇ ನೋಡ್ತೀನಿ. ರೂಮ್‌ಮೇಟ್‌ಗೆ ಲೇಸರ್ ಕಾರಿಡಾರ್ ಒಂದೇ ಮೊಬೈಲ್‌ನ್ಯಾಗ ತೋರಿಸಿದೆ. ಈಗ ಅವನೇ ಪೂರಾ ಸಿನಿಮಾ ಕೇಳ್ಲಾಕತ್ತಾನ. ನಾಕನೇ ಶನಿವಾರ ಹಾಲ್ ಸಿಗ್ತದೇನಂತ ವಾರ್ಡನ್ ಸಾಹೇಬ್ರಿಗೆ ಅರ್ಜಿ ಬರೀಬೇಕು.