ಬಣ್ಣದವನಿಗೆ ಮುಂಗಡ ಆಮೇಲೆ, ಮೊದಲು ಇಸಿ

ಪುಟ್ಟಿ, ನಿನ್ನ ಮೆಸೇಜು ಈಗ ನೋಡಿದೆ ಕಣೇ. ಯುಗಾದಿ ಹೊತ್ತಿಗೆ ಕುವೆಂಪುನಗರದ ಮನೆ ಮಾರಾಟಕ್ಕೆ ಇಡಬೇಕು, ಬಚ್ಚಲ ಪಕ್ಕದ ಗೋಡೆ ಒದ್ದೆ, ಪೇಂಟರು ಇಡೀ ಮನೆಗೆ ಒಂದೇ ಸಲ ಹೊಡೆದುಬಿಡೋಣ ಅಂತಾನೆ, ಮುಂಗಡ ಕೊಡಲಾ ಬೇಡವಾ ಅಂತ ತಾನೆ? ಟೈಪ್ ಮಾಡೋಕೆ ನಂಗಾಗಲ್ಲ, ಬಾಯಲ್ಲೇ ಹೇಳ್ತೀನಿ. ಉದ್ದ ಆಯ್ತು ಅಂತ ಸ್ಪೀಡ್ ಜಾಸ್ತಿ ಮಾಡಿ ಕೇಳಬೇಡಿ ಯಾರೂ.

ಮೊದಲು ಇಸಿ ತೆಗೆಸು, ಅದೇ ಋಣಭಾರ ಪ್ರಮಾಣಪತ್ರ, ಆಸ್ತಿ ಮೇಲೆ ಸಾಲ, ಮಾರಾಟ ಏನೇನು ನೋಂದಣಿ ಆಗಿದೆ ಅಂತ ಸಬ್‌ರಿಜಿಸ್ಟ್ರಾರ್ ಆಫೀಸಲ್ಲಿ ಕೊಡೋ ಪಟ್ಟಿ. ಬಣ್ಣದ ಮಾತು ಆಮೇಲೆ. ಸರಸ್ವತಿಪುರಂ ಮನೆ ಮಾರುವಾಗ ಏನಾಯ್ತು ಅಂತ ನಿಮ್ಮಮ್ಮನಿಗೆ ಚೆನ್ನಾಗಿ ಗೊತ್ತು. ನಮ್ಮಪ್ಪ, ಅಂದರೆ ನಿನ್ನಜ್ಜ, ಸಾಲದ ಕೊನೇ ಕಂತೂ ಕಟ್ಟಿ, ಮೂಲ ಪತ್ರ ವಾಪಸ್ ತಗೊಂಡು, ಬಾಕಿ ಇಲ್ಲ ಅನ್ನೋ ಬ್ಯಾಂಕಿನ ಕಾಗದದ ಜೊತೆ ಬೀರುವಲ್ಲಿ ಇಟ್ಟಿದ್ದರು. ಹಾಸನದ ಪಾರ್ಟಿ ಬಂತು, ರೇಟು ಕುದುರಿತು, ಅಡ್ವಾನ್ಸೂ ಆಯ್ತು. ಅವರಿಗೆ ಸಾಲ ಕೊಡೋ ಬ್ಯಾಂಕಿನ ವಕೀಲರು ಇಸಿ ತೆಗೆಸಿದರೆ, ಫಾರಂ 15ರಲ್ಲಿ, ಅಂದರೆ ವ್ಯವಹಾರ ಇದ್ದರೆ ಬರೋ ಇಸಿಯಲ್ಲಿ, ಅಪ್ಪ ಪತ್ರ ಅಡವಿಟ್ಟ ನಮೂದು ಇನ್ನೂ ಹಾಗೇ ಕೂತಿದೆ! ಸಾಲ ತೀರಿದ್ದು ಬ್ಯಾಂಕಿನ ಲೆಕ್ಕದಲ್ಲಿತ್ತು, ಸಬ್‌ರಿಜಿಸ್ಟ್ರಾರ್ ಪುಸ್ತಕದಲ್ಲಿ ಇರಲಿಲ್ಲ. ಅದು ಅಲ್ಲೂ ದಾಖಲಾಗಬೇಕಾದರೆ ಬ್ಯಾಂಕಿನವರೇ ಬಂದು, ಸಾಲ ತೀರಿತು, ಅಡಮಾನ ಬಿಟ್ಟೆವು ಅನ್ನೋ ಡಿಸ್ಚಾರ್ಜ್ ಡೀಡ್ ರಿಜಿಸ್ಟರ್ ಮಾಡಿಕೊಡಬೇಕು. ಬಾಕಿ ಇಲ್ಲ ಅನ್ನೋ ಚೀಟಿ ತೋರಿಸಿದರೆ ಯಾರೂ ಕೇಳಲ್ಲ. ಆ ಬ್ಯಾಂಕಿನ ಶಾಖೆ ಅಷ್ಟರಲ್ಲಿ ಇನ್ನೊಂದು ಶಾಖೆಗೆ ಸೇರಿಹೋಗಿತ್ತು. ಇವರು ಅವರನ್ನ ಕೇಳಿ ಅಂದರು, ಅವರು ಫೈಲೇ ಇಲ್ಲ ಅಂದರು. ಆಷಾಢ ಬಂತು. ಪಾರ್ಟಿ ಅಡ್ವಾನ್ಸ್ ವಾಪಸ್ ಕೇಳಿ ಹೋಯ್ತು. ಶ್ರಾವಣದಲ್ಲಿ ಬಂದವರು ನಮ್ಮ ಅವಸರ ನೋಡಿ ರೇಟು ಇಳಿಸಿದರು. ಆ ಮನೆಗೆ ಹೊಸಾ ಬಣ್ಣ ಹೊಡೆದಿತ್ತು ಪುಟ್ಟಿ, ಒಳಗೆ ಹೊರಗೆ ಎರಡೂ ಕಡೆ!

ನಿಮ್ಮಪ್ಪನೂ ಮಹಡಿ ಕಟ್ಟುವಾಗ ಸಾಲ ತಗೊಂಡಿದ್ದ, ನೆನಪಿದೆ ತಾನೆ? ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್ಲಲ್ಲಿ 1-4-2004ರಿಂದ ಈಚಿನ ಇಸಿ ಸಿಗುತ್ತೆ. ಅದಕ್ಕಿಂತ ಹಿಂದಿನದಕ್ಕೆ ಸಬ್‌ರಿಜಿಸ್ಟ್ರಾರ್ ಆಫೀಸಲ್ಲೇ ಅರ್ಜಿ ಕೊಡು. ಬ್ಯಾಂಕಿನ ವಕೀಲರು ಸಾಮಾನ್ಯವಾಗಿ 30 ವರ್ಷದ್ದು ಕೇಳ್ತಾರೆ, ಮಧ್ಯೆ ಒಂದು ವರ್ಷವೂ ತಪ್ಪಿರಬಾರದು. ಸೈಟ್ ನಂಬರು, ಚಕ್ಕುಬಂದಿ ಅಂದರೆ ನಾಲ್ಕು ದಿಕ್ಕಿನ ಎಲ್ಲೆ, ಎರಡನ್ನೂ ಕ್ರಯಪತ್ರದಲ್ಲಿ ಇರೋ ಹಾಗೇ ಹಾಕು. ನಂಬರು ಒಂದು ಕಡೆ ತಪ್ಪಿದರೂ ಏನೂ ವ್ಯವಹಾರ ಇಲ್ಲ ಅಂತ ಫಾರಂ 16 ಬರುತ್ತೆ, ನೀನು ಖುಷಿಯಾಗಿ ಕೂತಿರ್ತೀಯ.

ಈಗ ಒಂದು ಅನುಕೂಲ ಇದೆ. ರಿಸರ್ವ್ ಬ್ಯಾಂಕ್ 2023ರ ಸೆಪ್ಟೆಂಬರಲ್ಲಿ ನಿಯಮ ಮಾಡಿದೆ: ಸಾಲ ತೀರಿದ 30 ದಿನದೊಳಗೆ ಮೂಲ ಪತ್ರ ಕೊಡಬೇಕು, ನೋಂದಣಿ ಆಗಿರೋ ಅಡಮಾನವನ್ನೂ ತೆಗೆಸಬೇಕು, ಬ್ಯಾಂಕಿನ ಕಡೆಯಿಂದ ತಡವಾದರೆ ದಿನಕ್ಕೆ 5000 ರೂಪಾಯಿ ಕೊಡಬೇಕು. ಆದರೆ ಅದು 2023ರ ಡಿಸೆಂಬರ್ 1ರಿಂದ ಈಚೆಗೆ. ನಿಮ್ಮಪ್ಪ ಅದಕ್ಕೂ ಮುಂಚೆಯೇ ತೀರಿಸಿದ್ದರೆ ನೀನೇ ಬೆನ್ನು ಹತ್ತಬೇಕು. ಅದಕ್ಕೇ ಇನ್ನೊಂದು ಸಲ ಹೇಳ್ತೀನಿ: ಇಸಿ ಕೈಗೆ ಬರೋ ತನಕ ಯಾರ ಹತ್ತಿರವೂ ಅಡ್ವಾನ್ಸ್ ಮುಟ್ಟಬೇಡ, ಪೇಂಟರಿಗೂ ಮುಂಗಡ ಕೊಡಬೇಡ.

ಮನೆ ಖಾತೆ ನಿಮ್ಮಪ್ಪನ ಹೆಸರಲ್ಲೇ ಇದ್ದರೆ ಮೊದಲು ಪೌತಿ ಖಾತೆ ಆಗಬೇಕು, ಅಂದರೆ ತೀರಿಕೊಂಡವರ ಹೆಸರಿಂದ ವಾರಸುದಾರರ ಹೆಸರಿಗೆ ಬರಬೇಕು. ಮರಣ ಪ್ರಮಾಣಪತ್ರ ಇದೆ, ನಾಡಕಚೇರಿಯಿಂದ ವಂಶವೃಕ್ಷ ತಗೊಂಡು ಪಾಲಿಕೆಗೆ ಹೋಗು. ಇ-ಖಾತೆ, ಅಂದರೆ ಪಾಲಿಕೆಯ ಕಂಪ್ಯೂಟರ್ ಖಾತೆ, ಇಲ್ಲದೆ ಈಗ ರಿಜಿಸ್ಟ್ರೇಷನ್ ಮುಂದಕ್ಕೆ ಹೋಗಲ್ಲ. ಅದರಲ್ಲಿ ಅಳತೆ ನೋಡು, ಇನಿಷಿಯಲ್ ನೋಡು. ಮತ್ತೆ ನೀವೆಲ್ಲ ಮರೆತಿರೋದು ಒಂದಿದೆ. ವಿಲ್ ಬರೆಯದೆ ಹೋದವನ ಆಸ್ತಿಗೆ ಹೆಂಡತಿ ಮಕ್ಕಳ ಜೊತೆ ಹೆತ್ತ ತಾಯಿಯೂ ವಾರಸುದಾರಳು. ಅಂದರೆ ಅಜ್ಜಿಯ ಸಹಿಯೂ ಬೇಕು. ಮೆಟ್ಟಿಲು ಹತ್ತೋಕೆ ಆಗಲ್ಲ ಅಂದರೆ ಅರ್ಜಿ ಹಾಕಿ ಶುಲ್ಕ ಕಟ್ಟಿ, ಸಬ್‌ರಿಜಿಸ್ಟ್ರಾರ್ ಮನೆಗೇ ಬರ್ತಾರೆ.

ಸಹಿ ಅಂದಮೇಲೆ ಹೇಳಿಬಿಡ್ತೀನಿ, ಎಲ್ಲರೂ ಗ್ರೂಪಲ್ಲೇ ಇದ್ದೀರಲ್ಲ. ಸರಸ್ವತಿಪುರಂ ಮನೆ ಕ್ರಯಕ್ಕೆ ಅಕ್ಕನ ಸಹಿ, ಅಂದರೆ ನನ್ನ ಸಹಿ, ಬೇಕು ಅಂದಾಗ ನನ್ನ ಬಾಗಿಲಿಗೆ ಕಾರು ಬಂತು. ರೇಟು ಮಾತಾಡುವಾಗ ಯಾರಿಗೂ ಅಕ್ಕ ನೆನಪಾಗಲಿಲ್ಲ. ಅಟ್ಟದ ಮೇಲಿನ ಹಿತ್ತಾಳೆ ಹಂಡೆ ನಾನು ಹೋಗೋ ಹೊತ್ತಿಗೆ ಯಾರದೋ ಡಿಕ್ಕಿಯಲ್ಲಿತ್ತು. ತೂಗುಮಂಚದ ಸರಪಳಿ ಮಾತ್ರ ಕೊಕ್ಕೆಯಲ್ಲಿ ನೇತಾಡ್ತಿತ್ತು. ಹೆಣ್ಣುಮಕ್ಕಳ ಸಹಿ ಇಲ್ಲದೆ ಯಾವ ವಕೀಲರೂ ಒಪ್ಪಲ್ಲ ಅಂತ ಗೊತ್ತಾದ ಮೇಲಲ್ಲವೇ ಅತ್ತೆ, ಅಕ್ಕ ಅಂತ ಬಾಯ್ತುಂಬ ಕರೆದದ್ದು? ಇರಲಿ. ಪುಟ್ಟಿ, ನಿನಗಲ್ಲ ಹೇಳಿದ್ದು.

ಅಯ್ಯೋ, ಗೋಡೆ ವಿಷಯ ಹಾಗೇ ಉಳೀತು ನೋಡು. ಒದ್ದೆ ಗೋಡೆಗೆ ಬಣ್ಣ ಹೊಡೆಸಲೇಬೇಡ. ತಿಂಗಳೊಳಗೆ ಗುಳ್ಳೆ ಏಳುತ್ತೆ, ನೋಡೋಕೆ ಬಂದವರು ಹೆಬ್ಬೆಟ್ಟಲ್ಲಿ ಒತ್ತಿದರೆ ಚಟ್ ಅಂತ ಒಡೆದು ಬಿಳೀ ಉಪ್ಪು ಹಿಟ್ಟಿನ ಹಾಗೆ ಉದುರುತ್ತೆ. ನೀರು ಗಾರೆಯೊಳಗಿನ ಉಪ್ಪು ಹೊತ್ತುಕೊಂಡು ಹೊರಗೆ ಬರುತ್ತೆ, ಬಣ್ಣ ತಡೆದರೆ ಬಣ್ಣವನ್ನೇ ಎತ್ತಿಬಿಡುತ್ತೆ. ನೀರು ಎಲ್ಲಿಂದ ಅಂತ ಮೊದಲು ಹಿಡಿ. ರಾತ್ರಿ ನಲ್ಲಿಗಳನ್ನೆಲ್ಲ ನಿಲ್ಲಿಸಿ, ಮೇಲಿನ ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕು. ಮೋಟರ್ ಹಾಕಬೇಡ. ಬೆಳಗ್ಗೆ ಇಳಿದಿದ್ದರೆ ಪೈಪು ಸೋರ್ತಿದೆ. ಇಳಿದಿಲ್ಲ ಅಂದರೆ ಬಚ್ಚಲ ನೀರು ಹೋಗೋ ನಹಾನಿ ಟ್ರ್ಯಾಪಿನ ಜಾಯಿಂಟು, ಇಲ್ಲವೇ ಟೈಲ್ಸ್ ಸಂದು. ಸಂದಿಗೆ ಬಿಳಿ ಸಿಮೆಂಟ್ ಬಳಿದು ಹೋಗ್ತಾರೆ, ಬಿಡಬೇಡ. ಹಳೇದು ಕೆರೆದು ಎಪಾಕ್ಸಿ ಗ್ರೌಟ್ ತುಂಬಿಸು.

ಸೋರೋದು ನಿಂತ ಮೇಲೆ ಒದ್ದೆ ಕಲೆಗಿಂತ ಸುತ್ತ ಒಂದು ಅಡಿ ಹೆಚ್ಚಿಗೆ ಗಾರೆ ಕೆತ್ತಿಸು, ಇಟ್ಟಿಗೆ ಕಾಣಬೇಕು. ಅದು ಒಣಗಿದ ಮೇಲೆ ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳಿನ ಗಾರೆ, 50 ಕೆಜಿ ಸಿಮೆಂಟಿಗೆ 200 ಎಂಎಲ್ ವಾಟರ್‌ಪ್ರೂಫ್ ದ್ರಾವಣ ಸೇರಿಸಿ. ಏಳು ದಿನ ನೀರು ಹೊಡಿಬೇಕು, ಆಮೇಲೆ ಮೂರು ವಾರವಾದರೂ ಒಣಗಬೇಕು. ಬಣ್ಣಕ್ಕೆ ಮುಂಚೆ ಒಂದಡಿ ಪ್ಲಾಸ್ಟಿಕ್ ಹಾಳೆ ನಾಲ್ಕೂ ಕಡೆ ಟೇಪ್ ಹಾಕಿ ಒಂದು ದಿನ ಅಂಟಿಸಿಡು. ಒಳಗಡೆ ಹನಿ ಕೂತರೆ ಇನ್ನೂ ಕಾಯಿ. ಇಸಿ ಬಂದ ಮೇಲೆ ಮಿಕ್ಕ ಗೋಡೆಗಳಿಗೆ ಇದು ಒಣಗೋ ತನಕ ಕಾಯದೆ ಹೊಡೆಸಬಹುದು, ಆದರೆ ಹಾಲ್, ಅಡುಗೆಮನೆ, ಮುಂದಿನ ಗೋಡೆ ಇಷ್ಟೇ ಸಾಕು. ಹಾಲ್‌ನಲ್ಲಿರೋದು ಹಳೇ ಡಿಸ್ಟೆಂಪರು, ಕೈಗೆ ಸುಣ್ಣ ಹತ್ತುತ್ತೆ. ಪೂರ್ತಿ ಕೆರೆಯದೆ ಮೇಲೆ ಎಮಲ್ಷನ್ ಹೊಡೆದರೆ ಸಿಪ್ಪೆ ಸಿಪ್ಪೆಯಾಗಿ ಏಳುತ್ತೆ. ಅಡುಗೆಮನೆಯ ಆಯಿಲ್ ಪೇಂಟನ್ನ ಉಪ್ಪುಕಾಗದದಲ್ಲಿ ಉಜ್ಜಿ ಹೊಳಪು ತೆಗೆದು ಪ್ರೈಮರ್ ಹಾಕಲಿ.

ಈ 2026ರಲ್ಲಿ ಯುಗಾದಿ ಮಾರ್ಚ್ 19, ಮೇ ಮಧ್ಯದಿಂದ ಅಧಿಕ ಜ್ಯೇಷ್ಠ, ಅದು ಮುಗಿದು ನಿಜ ಜ್ಯೇಷ್ಠ ಒಂದು ತಿಂಗಳು ಕಳೆದರೆ ಆಷಾಢ. ಪರಾಭವ ಸಂವತ್ಸರ ಅನ್ನೋ ಹೆಸರಿಗೆ ಹೆದರಬೇಡ, ದಿನ ಕಮ್ಮಿ ಇರೋದಕ್ಕೆ ಹೆದರು. ಗೋಡೆ ಅಷ್ಟರಲ್ಲಿ ಒಣಗದಿದ್ದರೆ ಗಾರೆ ಹಾಗೇ ಬೂದು ಬಣ್ಣದಲ್ಲಿರಲಿ, ಬಂದವರಿಗೆ ಪ್ಲಂಬರ್ ಬಿಲ್ ತೋರಿಸು. ಕಂದಾಯ ಏಪ್ರಿಲಲ್ಲೇ ಕಟ್ಟು, 5% ಬಿಡ್ತಾರೆ. ರೇಟು 50 ಲಕ್ಷ ಮುಟ್ಟಿದರೆ ಕೊಳ್ಳೋರು 1% ಟಿಡಿಎಸ್ ಅಂತ ತೆರಿಗೆ ಹಿಡೀತಾರೆ, ನಿಮ್ಮೆಲ್ಲರ ಪ್ಯಾನಿಗೂ ಆಧಾರ್ ಜೋಡಿಸಿದೆಯಾ ನೋಡಿಕೊಳ್ಳಿ. ನಾಳೆ ಹನ್ನೊಂದರ ಮೇಲೆ ಫೋನ್ ಮಾಡು, ಕ್ರಯಪತ್ರದ ಮೊದಲ ಪುಟ, ಚಕ್ಕುಬಂದಿ ಇರೋ ಪುಟ ಫೋಟೋ ತೆಗೆದು ನಂಗೊಬ್ಬಳಿಗೇ ಕಳಿಸು, ಗ್ರೂಪಿಗೆ ಬೇಡ.