ಸೀನನ ಹಯೇಟಸ್

ಬೆಳಗಿನ ವಾಕಿಂಗ್‌ಗೆ ಬರುವುದನ್ನು ನಿಲ್ಲಿಸಿದ ಸೀನ, ವಾಟ್ಸಾಪ್ ಸ್ಟೇಟಸ್‌ನಲ್ಲಿ ‘ಆನ್ ಹಯೇಟಸ್’ ಎಂದು ಹಾಕಿಕೊಂಡ. ಅದನ್ನು ನೋಡಿದ ರಾಜು ಎಳನೀರು ಹಿಡಿದುಕೊಂಡು ಅವನ ಮನೆಗೇ ಹೋಗಿಬಿಟ್ಟ. ರಾಜುವಿನ ಮಾವನಿಗೆ ಎದೆಯುರಿ, ಹುಳಿತೇಗು. ಎಂಡೋಸ್ಕೋಪಿ ಮಾಡಿದ ಡಾಕ್ಟರು ‘ಹಯೇಟಸ್ ಹರ್ನಿಯಾ’ ಎಂದು ಬರೆದುಕೊಟ್ಟಿದ್ದರಂತೆ. ಸೀನನಿಗೂ ಅದೇ ಬಂದಿದೆ ಎಂದು ಇವನ ಲೆಕ್ಕ. ಹೋಗಿ ನೋಡಿದರೆ ರೋಗಿ ಸೋಫಾ ಮೇಲೆ ಕೂತು ಚಕ್ಕುಲಿ ತಿನ್ನುತ್ತಿದ್ದ.

ಭಾನುವಾರ ಹೋಟೆಲಿನಲ್ಲಿ ಇದರದ್ದೇ ಪಂಚಾಯಿತಿ.

“ಸುಮ್ನೆ ಬ್ರೇಕ್ ಅಂತ ಹಾಕೋಕೆ ಏನಾಗಿತ್ತೋ?” ಎಂದ ರಾಜು.

“ಬ್ರೇಕ್ ಅಂದ್ರೆ ಕಾಫಿ ಕುಡಿದು ವಾಪಸ್ ಬರ್ಬೇಕು. ಇಂಟರ್‌ವಲ್ ಅಂದ್ರೆ ಬೆಲ್ ಹೊಡೆದ ತಕ್ಷಣ ಒಳಗೆ ಓಡ್ಬೇಕು. ಹಯೇಟಸ್‌ನಲ್ಲಿ ಆ ಕಾಟ ಇಲ್ಲ. ಬಿಟ್ಟೆ ಅಂತಾನೂ ಅಲ್ಲ, ಇಂಥಾ ದಿನ ಬರ್ತೀನಿ ಅಂತಾನೂ ಅಲ್ಲ.”

ಸೋಮಾರಿತನಕ್ಕೆ ಇಷ್ಟು ಮರ್ಯಾದಸ್ಥ ಹೆಸರು ಹುಡುಕಿದ್ದಕ್ಕೆ ನಾನಂತೂ ಮನಸ್ಸಿನಲ್ಲೇ ಕೈಮುಗಿದೆ.

ಮೇಷ್ಟ್ರು ಲೋಟ ಕೆಳಗಿಟ್ಟರು. ಕನ್ನಡ ಕಲಿಸಿ ರಿಟೈರಾದವರು, ಲ್ಯಾಟಿನ್‌ಗೂ ಹೆದರುವುದಿಲ್ಲ. “ಮೂಲ ಲ್ಯಾಟಿನ್ ಕಣಯ್ಯ. ಬಾಯಿ ತೆರೆದುಕೊಂಡಿರೋದು, ಆಕಳಿಸೋದು ಅಂತ ಅರ್ಥ. ಬೆಳಿಗ್ಗೆ ಎಬ್ಬಿಸಿದ್ರೆ ಸೀನ ಮಾಡೋದೂ ಅದನ್ನೇ. ರಾಜು, ನಿಮ್ಮ ಮಾವನವರದ್ದೂ ಇದೇ ಪದ. ಎದೆಗೂ ಹೊಟ್ಟೆಗೂ ನಡುವೆ ಇರೋ ಪರದೆಯಲ್ಲಿ ಅನ್ನನಾಳ ಇಳಿಯೋಕೆ ಒಂದು ಕಂಡಿ ಇದೆ. ಅದೇ ಹಯೇಟಸ್. ಜಠರದ ಮೇಲ್ಭಾಗ ಆ ಕಂಡಿಯಿಂದ ಮೇಲಕ್ಕೆ ನುಸುಳಿದ್ರೆ ಹರ್ನಿಯಾ.”

“ಭೂಮಿಗೂ ಒಂದ್ಸಲ ಹಯೇಟಸ್ ಬಂದಿತ್ತು ಸಾರ್,” ಎಂದ ಸೀನ ಹುರುಪಿನಿಂದ. “1998ರಿಂದ 2012ರವರೆಗೆ ಭೂಮಿಯ ಮೇಲ್ಮೈ ಬಿಸಿ ಏರೋದು ನಿಧಾನ ಆಯ್ತು. ಅದಕ್ಕೂ ಇದೇ ಹೆಸರು.”

“ಆಗ ಬಿಸಿ ಸಮುದ್ರದ ಒಳಗೆ ಸೇರ್ತಾ ಇತ್ತು. ನೀನು ತಿಂದ ಚಕ್ಕುಲಿನೂ ಹಂಗೇ, ಒಳಗೆ ಸೇರ್ತಾ ಇದೆ,” ಎಂದು ರಾಜು ಅವನ ಹೊಟ್ಟೆ ನೋಡಿದ.

ಮೇಷ್ಟ್ರಿಗೆ ಇದ್ಯಾವುದೂ ಬೇಕಿರಲಿಲ್ಲ. ಅವರ ಗಾಡಿ ಆಗಲೇ ವ್ಯಾಕರಣಕ್ಕೆ ತಿರುಗಿತ್ತು. “ಎರಡು ಸ್ವರ ಅಕ್ಕಪಕ್ಕ ಬಂದು ನಡುವೆ ಬಾಯಿ ತೆರೆದೇ ಉಳಿದ್ರೆ ಅದಕ್ಕೂ ಹಯೇಟಸ್ ಅಂತಾರೆ. ಇಂಗ್ಲಿಷಿನವರಿಗೂ ‘ಎ ಆಪಲ್’ ಅನ್ನೋಕೆ ನಾಲಿಗೆ ಹೊರಳಲ್ಲ, ‘ಆ್ಯನ್ ಆಪಲ್’ ಅಂತಾರೆ. ನಾವಂತೂ ಸಂದಿ ಕಂಡಲ್ಲಿ ಸಂಧಿ ಮಾಡೋ ಜನ. ‘ಮಾತು ಇಲ್ಲ’ ಅಂದ್ರೆ ಒಂದು ಸ್ವರ ಕಿತ್ತು ‘ಮಾತಿಲ್ಲ’. ‘ಮನೆ ಅಲ್ಲಿ’ ಅಂದ್ರೆ ಯಕಾರ ತುರುಕಿ ‘ಮನೆಯಲ್ಲಿ’. ‘ಹೂ ಅನ್ನು’ ಅಂದ್ರೆ ವಕಾರ ತುರುಕಿ ‘ಹೂವನ್ನು’. ಅಷ್ಟೇ ಯಾಕೆ, ಇಂಗ್ಲಿಷಿನಲ್ಲಿ ಆ ಪದದೊಳಗೇ ಐ, ಎ ಎರಡೂ ಪಕ್ಕಪಕ್ಕ ಇವೆ. ಸೀನ ಏನಂದ? ಹ-ಯೇ-ಟಸ್. ಎಲ್ಲಿಂದ ಬಂತಪ್ಪ ಆ ಯಕಾರ?”

ಸೀನ ತುಟಿ ಒತ್ತಿ ಯಕಾರ ಬಿಟ್ಟು ಹೇಳಲು ನೋಡಿದ. ಪಕ್ಕದ ಟೇಬಲ್ಲಿನವರು ಇವನಿಗೆ ಬಿಕ್ಕಳಿಕೆ ಎಂದುಕೊಂಡು ನೀರಿನ ಲೋಟ ಮುಂದೆ ಸರಿಸಿದರು.

“ಹಂಗಾದ್ರೆ ಕನ್ನಡದಲ್ಲಿ ಗ್ಯಾಪೇ ಬಿಡಲ್ವಾ ಸಾರ್?”

“ಬಿಡ್ತೀವಿ. ಪ್ರಕೃತಿಭಾವ, ಹೈಸ್ಕೂಲಲ್ಲಿ ಓದಿದ್ದು ನೆನಪಿಲ್ವಾ? ಅಯ್ಯೋ, ಅಬ್ಬಾ, ಓಹೋ ಇಂಥವು ಬಂದಾಗ ಸಂಧಿ ಮಾಡೋ ಹಾಗಿಲ್ಲ. ‘ಅಬ್ಬಾ ಅದು’ ಅಂತ ಬಿಡಿಸಿಯೇ ಹೇಳ್ಬೇಕು. ಗಾಬರಿಯಾದಾಗ ಸಂದಿ ಮುಚ್ಚೋಕೆ ಯಾರಿಗೆ ಪುರುಸೊತ್ತು?”

ಅಷ್ಟರಲ್ಲಿ ಸಪ್ಲೈಯರ್ ಬಿಲ್ ತಂದು ಸರಿಯಾಗಿ ಸೀನನ ಮುಂದೆ ಇಟ್ಟ.

“ಅಯ್ಯೋ ಇಷ್ಟಾ?”

“ಉದಾಹರಣೆ ಸರಿಯಾಗಿದೆ. ದುಡ್ಡು ಕೊಡು,” ಎಂದರು ಮೇಷ್ಟ್ರು.